ಮುಂದಿನ ಎಡ ಹೆಗಲು

ನನ್ನ ಅಕ್ಕನ ಮಗ ಹುಲುಗೇಶನಿಗೆ, ಹೊಳಲಿನ ಪಕ್ಕದ ನಮ್ಮ ಕೇರಿಯಿಂದ ನಿನ್ನ ಸೋದರಮಾವ ಯರ್ರೆಪ್ಪ ಬರೆಯುವುದು,

‘ಅಯ್ಯನವರಿಗೆ’ ಎಂದೇ ಶುರು ಮಾಡಿದ್ದೆ. ಅಳಿಯನಾದರೇನು, ಚರ್ಚಿನ ಸಭಾಪಾಲಕನಾದ ಮೇಲೆ ಹಾಗೆಯೇ ಕರೆಯಬೇಕು ಎಂದು ಕೇರಿಗೆಲ್ಲ ಹೇಳಿಕೊಟ್ಟವನು ನಾನೇ. ಇವತ್ತು ಕೈ ಮುಂದೆ ಹೋಗಲಿಲ್ಲ. ಆ ಹಾಳೆ ಹರಿದು ಒಲೆಗೆ ಹಾಕಿದೆ. ಹುಲುಗಾ, ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಸತ್ಯವೇದ ಓದುತ್ತಾ ಅಕ್ಷರ ಗಟ್ಟಿ ಮಾಡಿಕೊಂಡವನು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು. ಮಾತು ಒರಟಾಗಿದ್ದರೆ ತಿದ್ದಬೇಡ.

ನಿನ್ನೆ ಗುರುಸಂಗಪ್ಪನ ಎಸ್‌ಟಿಡಿ ಬೂತಿಗೆ ಬೆಂಗಳೂರಿನಿಂದ ಫೋನ್ ಮಾಡಿ ನನ್ನನ್ನು ಕರೆಸಿದೆಯಲ್ಲ. ಓಡಿಕೊಂಡು ಹೋದೆ. ನಿನ್ನನ್ನು ಸಾಕಿದ ಪಕ್ಕೀರಮ್ಮನನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳುತ್ತೀಯೆಂದು ರಿಸೀವರ್ ಕಿವಿಗೆ ಒತ್ತಿಕೊಂಡು ನಿಂತೆ. ನೀನು ಕೇಳಿದ್ದು ಬೇರೆ. “ಮಾವ, ಮುಂದಿನ ತಿಂಗಳು ಕೂಡ್ಲಿಗ್ಯಾಗ ಹಿರಿಯರ ಕೂಟ ಐತಿ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಾ ಸಭಿಗಳಿಗೂ ಒಬ್ಬ ಮುಖ್ಯಸ್ಥನ್ನ ಆರಿಸ್ತಾರ. ನೀವು ಎದ್ದು ನನ್ನ ಹೆಸರು ಹೇಳಿದ್ರ ಮುಗೀತು” ಎಂದೆ. ನಾನು ಫೋನಿಟ್ಟೆ. ಲೈನ್ ಕಟ್ಟಾಯಿತೆಂದು ತಿಳಿದಿರಬೇಕು ನೀನು. ಲೈನ್ ಸರಿಯಾಗಿಯೇ ಇತ್ತು.

ನನ್ನ ಸಿಟ್ಟು ನಿನಗೆ ಗೊತ್ತಿರುವುದೇ. ಕಂಡಕ್ಟರ್ ಚಿಲ್ಲರೆ ಕೊಡದಿದ್ದರೆ ಹಡಗಲಿ ಸ್ಟ್ಯಾಂಡಿಗೆಲ್ಲ ಕೇಳುವಂತೆ ಬೈಯುತ್ತೇನೆ. ಆದರೆ ಪಕ್ಕೀರಮ್ಮ ಹೋದ ದಿನದಿಂದ ನನಗೆ ಸಿಟ್ಟೇ ಬಂದಿಲ್ಲ. ಸಿಡಿಲು ಬಡಿದ ಬೇವಿನ ಮರದ ಹಾಗೆ ನಿಂತುಬಿಟ್ಟಿದ್ದೇನೆ. ನಿನ್ನ ಅತ್ತೆ ಮೈಲಮ್ಮ ಬೇಕೆಂದೇ ಸಾರಿಗೆ ಉಪ್ಪು ಹೆಚ್ಚು ಹಾಕಿ ನೋಡಿದಳು, ಬೈಯಲಿ ಎಂದು. ಸುಮ್ಮನೆ ಉಂಡು ಎದ್ದೆ. ಆಮೇಲೆ ತಾನೇ ಹೆದರಿ ಅತ್ತಳು.

ಆವತ್ತಿನದನ್ನು ನಿನ್ನ ಮುಂದೆ ಇಡುತ್ತೇನೆ. ಅರ್ಧ ನಿನಗೆ ಗೊತ್ತು. ಇನ್ನರ್ಧ ಗೊತ್ತಿಲ್ಲ.

ಹೊಸ ಸಭಾಭವನ ತೆರೆಯುವ ದಿನ. ಹೊರದೇಶದ ಅತಿಥಿಗಳು ಬರುವವರಿದ್ದರು. ಹಿಂದಿನ ಎರಡು ದಿನವೂ ಪಕ್ಕೀರಮ್ಮ ನಿನ್ನನ್ನೇ ಕೇಳುತ್ತಿದ್ದಳು. “ಹುಲುಗ ಬಂದು ಒಂದು ಪ್ರಾರ್ಥನಿ ಮಾಡಿ ಹೋಗ್ಲಿ, ಆಮ್ಯಾಲೆ ನಾ ಹೋಗ್ತೀನಿ” ಅಂತ, ಸಂತೆಗೆ ಹೊರಟವಳ ಹಾಗೆ. ನಿನ್ನ ತಾಯಿ ತೀರಿಕೊಂಡ ಮೇಲೆ ನಿನಗೆ ಮೀಸೆ ಮೂಡುವ ತನಕ ಉಣ್ಣಿಸಿ ಮಲಗಿಸಿದವಳು ಅವಳು. ನೀನು ಶಾಮಿಯಾನದ ಟ್ರ್ಯಾಕ್ಟರ್ ಮೇಲೆ ನಿಂತು ಅವಳ ಬಾಗಿಲ ಮುಂದೆಯೇ ಹಾದುಹೋದೆ. ನಾನು ಕೂಗಿ ಹೇಳಿದರೆ, “ಫಂಕ್ಷನ್ ಒಂದು ಮುಗೀಲಿ ಮಾವ” ಎಂದೆ.

ಬೆಳಿಗ್ಗೆ ಅವಳ ಉಸಿರು ನಿಂತಿತು. ನಾನು ಗಂಟೆ ಬಾರಿಸಲು ಬಂದೆ. ಹೊತ್ತಲ್ಲದ ಹೊತ್ತಿನಲ್ಲಿ ನಮ್ಮ ಗಂಟೆ ಬಾರಿಸಿದರೆಂದರೆ ಯಾರೋ ಹೋದರು ಎಂದೇ ಅರ್ಥ. ನೀನು ಗಂಟೆಯ ಹಗ್ಗಕ್ಕೆ ಚೆಂಡುಹೂವು ಸುತ್ತುತ್ತಿದ್ದೆ. ವಿಷಯ ಕೇಳಿ ಕಣ್ಣು ಮುಚ್ಚಿದೆ, ಪ್ರಾರ್ಥನೆಗೆ ಎಂದು ನಾನು ತಿಳಿದೆ. ಕಣ್ಣು ತೆರೆದು ನೀನು ಅಂದೆ, “ಈಗ ಗಂಟಿ ಬ್ಯಾಡ ಮಾವ. ಅತಿಥಿಗಳು ಹರಪನಹಳ್ಳಿ ದಾಟ್ಯಾರ. ಹೆಣ ಸಂಜಿತನಕ ಕಾಯ್ತೈತಿ, ಅವರು ಕಾಯೂದಿಲ್ಲ.”

ಆ ಮಾತು ನಿನ್ನ ಬಾಯಿಂದ ಬಂತೇ ಎಂದು ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರೂ ಇರಲಿಲ್ಲ.

ಮಧ್ಯಾಹ್ನ ಅತಿಥಿಗಳ ಕಾರು ಕಮಾನಿನ ಹತ್ತಿರ ಬಂದಾಗ ನೀನು ಗಂಟೆ ಬಾರಿಸಿದೆ, ಸ್ವಾಗತಕ್ಕೆ! ಪಕ್ಕೀರಮ್ಮ ಹಾಸಿಗೆ ಹಿಡಿದದ್ದು ಎಲ್ಲರಿಗೂ ಗೊತ್ತಿತ್ತು, ಸತ್ತದ್ದು ನಮ್ಮ ಮೂರು ಮನೆಗೆ ಮಾತ್ರ. ಹೊಲದಲ್ಲಿದ್ದ ಹೆಂಗಸರು ಕುಡುಗೋಲು ಬಿಸಾಕಿ, ಎದೆ ಬಡಿದುಕೊಳ್ಳುತ್ತಾ, “ಯವ್ವಾ, ನಮ್ಮನ್ನ ಬಿಟ್ಟು ಹೋದ್ಯಲ್ಲಬೇ” ಎಂದು ಓಡಿ ಬಂದರು. ಬಂದು ನೋಡಿದರೆ ಕಮಾನು, ಕೊರಳಲ್ಲಿ ಹಾರ ಹಾಕಿಕೊಂಡ ಬಿಳಿಯ ಜನ! ಅವರು ಇದು ನಮ್ಮ ಸ್ವಾಗತದ ಪದ್ಧತಿ ಎಂದು ತಿಳಿದು ಕೈ ಮುಗಿದರು, ನಕ್ಕರು, ಫೋಟೋ ಹೊಡೆದುಕೊಂಡರು. ನೀನು ಇಂಗ್ಲಿಷಿನಲ್ಲಿ ಏನು ಹೇಳಿದೆಯೋ, ಸಂತೋಷದಿಂದ ತಲೆ ಬೇರೆ ಆಡಿಸಿದರು. ಹುಲುಗಾ, ಆ ಫೋಟೋ ಯಾವುದೋ ದೇಶದ ಗೋಡೆಯ ಮೇಲೆ ತೂಗುತ್ತದೆ. ನಮ್ಮ ಹೆಂಗಸರ ಕಣ್ಣೀರನ್ನು ನೋಡಿ ಅಲ್ಲಿಯ ಜನ ನಿನ್ನ ಸೇವೆಯನ್ನು ಹೊಗಳುತ್ತಾರೆ.

ಸಂಜೆ ಬರುತ್ತೀಯೆಂದು ಕಾದೆವು. ಅತಿಥಿಗಳ ಕಾರಿನಲ್ಲಿ ನೀನೂ ಹತ್ತಿ ಹೋದೆ ಎಂದು ಹುಡುಗರು ಹೇಳಿದರು. ಇಲ್ಲಿಗೆ ನಿನಗೆ ಗೊತ್ತಿರುವುದು ಮುಗಿಯಿತು.

ಹೊತ್ತು ಮುಳುಗುವ ಮುಂಚೆ ಹೆಣ ಹೊರಲು ಸಭೆ ಇಟ್ಟುಕೊಂಡಿರುವ ಹಗ್ಗದ ಹೊರಸಿನ ಮೇಲೆ ಅವಳನ್ನು ಮಲಗಿಸಿದೆವು. ಆ ಹೊರಸಿನ ಕಥೆ ನಿನಗೆ ಹೇಳಿಕೊಡಬೇಕಾಗಿ ಬಂತಲ್ಲ ಎಂಬುದೇ ಸಂಕಟ. ನಮ್ಮ ಅಜ್ಜನ ಕಾಲದಲ್ಲಿ ವಾಂತಿಭೇದಿ ಬಂದಾಗ ಸತ್ತವರನ್ನು ಮುಟ್ಟಲು ಹೆತ್ತವರೇ ಹೆದರಿದರು. ಊರವರಂತೂ ಮೊದಲೇ ನಮ್ಮನ್ನು ಮುಟ್ಟುತ್ತಿರಲಿಲ್ಲ. ಉಪದೇಶಿ ಮೈಲಪ್ಪನವರು ಹೊರಸು ತಂದು ಅದರ ಮುಂದಿನ ಎಡಗಾಲಿಗೆ ತಮ್ಮ ಹೆಗಲು ಕೊಟ್ಟು, “ಇನ್ನು ಮೂರು ಮಂದಿ ಬರ್ರಿ” ಎಂದರಂತೆ. ಆಗ ನಮಗೆ ದೇವಾಲಯ ಇರಲಿಲ್ಲ. ಗಂಟೆ ಇರಲಿಲ್ಲ. ಮೊದಲು ಹೊರಸು ಬಂತು, ಆಮೇಲೆ ದೇವಾಲಯ. ಅಂದಿನಿಂದ ಯಾರೇ ಅಯ್ಯನವರು ಬರಲಿ, ಮುಂದಿನ ಎಡ ಹೆಗಲು ಅವರದೇ. ನಿನ್ನ ತಾಯಿಯನ್ನು ಹೊತ್ತಾಗ ನೀನೇ ಕೇಳಿದ್ದೆ, ಅಯ್ಯಗೋಳು ಯಾಕ ಹೊರ್ತಾರ ಅಂತ. ಪಕ್ಕೀರಮ್ಮ ಅಂದಿದ್ದಳು, “ದಾರಿ ತೋರ್ಸೋರು ಹೊತ್ಕೊಂಡು ಮುಂದ ನಡೀಬೇಕು ಮಗಾ. ಕೈ ಮಾಡಿ ತೋರ್ಸಾಕ ಮೈಲಿಗಲ್ಲು ಸಾಕು.” ಸೆಮಿನರಿಯಲ್ಲಿ ಅಷ್ಟು ವರ್ಷ ಓದಿದೆ. ನಾಯಕತ್ವ ಎಂದರೇನು ಎಂದು ಇದಕ್ಕಿಂತ ಹೆಚ್ಚಿನದನ್ನು ಕಲಿಸಿದ್ದರೆ ನನಗೂ ಹೇಳು.

ನಿನ್ನ ಜಾಗಕ್ಕೆ ಯಾರನ್ನೂ ನಾನು ಬಿಡಲಿಲ್ಲ. ಮುಂದೆ ಬಲಕ್ಕೆ ನಾನು, ಹಿಂದೆ ಗಾಳೆಪ್ಪ, ಅವನ ತಮ್ಮ. ಮೂರೇ ಹೆಗಲ ಮೇಲೆ ಹೊರಟೆವು. ಹೊರಸು ವಾಲಿತು. ದೇಹ ಎಡಕ್ಕೆ ಜಾರತೊಡಗಿತು. ಮೈಲಮ್ಮ ಪಕ್ಕದಲ್ಲಿ ನಡೆಯುತ್ತಾ ಎರಡೂ ಕೈಯಿಂದ ತಡೆದು ಹಿಡಿದು, “ನಿನ್ನ ಹಟಕ್ಕ ಬೆಂಕಿ ಹಚ್ಚ. ಮುದುಕಿನ್ನ ದಾರ್ಯಾಗ ಬೀಳಿಸ್ತಿ ಏನು?” ಎಂದು ಬೈದಳು. ರಸ್ತೆಯಲ್ಲಿ ಗುರುಸಂಗಪ್ಪ ಅಂಗಡಿಯಿಂದ ಇಳಿದು ಬಂದು ಕೇಳಿದ, “ಯಾಕೋ ಯರ್ರೆಪ್ಪ, ಒಂದ್ ಕಡಿ ವಾಲೈತಲ್ಲ, ಆಳಿಲ್ಲೇನು?”

“ಆಳದಾನ್ರಿ ಸಾವ್ಕಾರ, ದೊಡ್ಡೋರನ್ನ ಕಳಿಸಾಕ ಹೋಗ್ಯಾನ.”

“ಈಕಿನ್ನ ಕಳಿಸೂದು ಯಾರ ಕೆಲಸ ಮತ್ತ?” ಎಂದ. ಲಿಂಗ ಕಟ್ಟಿದವನು ನಮ್ಮ ಸಭೆಯ ಕೆಲಸವನ್ನು ನನಗೆ ನೆನಪಿಸಿದ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಹಳ್ಳದ ತಿರುವಿಗೆ ಬಂದಾಗ ಹಿಂದಿನಿಂದ ಯಾರೋ ಓಡಿ ಬಂದರು. ನಿನ್ನ ಹೆಂಡತಿ ಅಮೃತಾ. ಅತಿಥಿಗಳಿಗೆ ಬಡಿಸಿದ ರೇಷ್ಮೆ ಸೀರೆಯಲ್ಲೇ, ಬರಿಗಾಲಲ್ಲಿ, ಮೊಣಕೈಗೆ ಮಸಾಲೆ ಮೆತ್ತಿಕೊಂಡು. ಬಂದವಳೇ ಖಾಲಿ ಜಾಗದಲ್ಲಿ ನಿಂತಳು.

“ಹೆಣ್ಮಕ್ಕಳು ಹೊರಾಂಗಿಲ್ಲ ತಾಯಿ” ಎಂದೆ.

“ಹಂಗಾರ ಅವರನ್ನ ಕರೀರಿ ಮಾವ.”

ನಾನು ಯಾರನ್ನು ಕರೆಯಲಿ, ಹುಲುಗಾ?

ಆಕೆ ಸೆರಗು ಸುರುಳಿ ಮಾಡಿ ಹೆಗಲಿಗಿಟ್ಟು ಹೊರಸಿನ ಕಾಲು ಹಿಡಿದಳು. ಕುಳ್ಳಿ ಅವಳು. ಹೊರಸು ವಾಲುವುದು ನಿಲ್ಲಲಿಲ್ಲ. ಆದರೆ ಪಕ್ಕೀರಮ್ಮ ಜಾರುವುದು ನಿಂತಿತು. ಗುಣಿಯ ಹತ್ತಿರ ಕರ್ತನ ಪ್ರಾರ್ಥನೆ ಹೇಳಲು ಹೋದೆ. ಹುಟ್ಟಿದಾಗಿನಿಂದ ಹೇಳಿದ್ದು ನಡುವೆ ಮರೆತುಹೋಯಿತು. ಆಕೆಯೇ ಮುಗಿಸಿದಳು. ಮೊದಲ ಹಿಡಿ ಮಣ್ಣು ಹಾಕಿ, “ಅವರ ಪರವಾಗಿ ಅಲ್ಲ, ಅವ್ವ, ನನ್ನ ಪರವಾಗಿ” ಎಂದಳು. ಇದನ್ನು ಆಕೆ ನಿನಗೆ ಹೇಳಿರಲಾರಳು. ಹೆಗಲ ಮೇಲೆ ಹೊರಸಿನ ಕಾಲು ಒತ್ತಿದ ಕಪ್ಪು ಗುರುತಿದೆ ಎಂದು ಮೈಲಮ್ಮ ಹೇಳುತ್ತಾಳೆ. ಬಂದಾಗ ನೋಡು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಕೂಡ್ಲಿಗಿಗೆ ಹೋಗುತ್ತೇನೆ. ನಿನ್ನ ಹೆಸರು ಬಂದಾಗ ಕೂತೇ ಇರುತ್ತೇನೆ, ಏಳುವುದಿಲ್ಲ. ಯಾಕೆಂದು ಯಾರಾದರೂ ಕೇಳಿದರೆ ಆಗ ಎದ್ದು ಇದನ್ನೆಲ್ಲ ಹೇಳುತ್ತೇನೆ, ಒಂದಕ್ಷರವೂ ಬಿಡದೆ. ವಾಲಿದ ಹೊರಸಿಗೆ ಹೆಗಲು ಕೊಡದವನ ಕೈಗೆ ಅಷ್ಟೂ ಊರಿನ ಸಭೆಗಳನ್ನು ಹೇಗೆ ಕೊಡಲಿ? ನೀನು ನನ್ನ ಅಕ್ಕನ ಮಗ ಎಂಬುದೇ ಮೊದಲಾದರೆ ನಾನೂ ನಿನ್ನಂಥವನೇ ಆಗುತ್ತೇನೆ.

ಆದರೂ ಹೊರಸು ದೇವಾಲಯದ ಹಿಂದೆ ಇದ್ದಲ್ಲೇ ಇದೆ. ಆವತ್ತಿನ ಎಳೆತಕ್ಕೆ ಎಡಗಡೆಯ ಹಗ್ಗ ಸಡಿಲವಾಗಿದೆ. ಗಾಳೆಪ್ಪ ಬಿಗಿಯಲು ಬಂದಿದ್ದ, ಬೇಡವೆಂದೆ. ನೀನು ಬಂದು ನಿನ್ನ ಕೈಯಾರೆ ಬಿಗಿ. ನನಗೂ ವಯಸ್ಸಾಯಿತು. ಮುಂದೆ ಅದರ ಮೇಲೆ ಮಲಗುವವನು ನಾನೇ ಇರಬಹುದು. ಆವತ್ತು ನೀನು ಮುಖ್ಯಸ್ಥನಾಗಿರು, ಬರಿಯ ಹುಲುಗನಾಗಿರು, ಮುಂದಿನ ಎಡ ಹೆಗಲನ್ನು ನಿನಗೇ ಬಿಟ್ಟಿರುತ್ತೇನೆ. ನೀನು ಬರುವ ತನಕ ನನ್ನನ್ನು ಎತ್ತಬೇಡಿರೆಂದು ಕೇರಿಗೆ ಹೇಳಿಟ್ಟಿದ್ದೇನೆ. ಹೆಣ ಕಾಯುತ್ತದೆ ಎಂದು ನೀನೇ ಹೇಳಿದ್ದೆಯಲ್ಲ.

ಕರ್ತನು ನಿನ್ನ ಹೆಗಲನ್ನು ಗಟ್ಟಿ ಮಾಡಲಿ.

ನಿನ್ನ ಮಾವ,
ಯರ್ರೆಪ್ಪ