ನೆಲದ ಮೇಲೆ ಹಾಡಬಾರದ ಚರಣ

ಧಕ್ಕೆ ಹಿಂದಿನ ಮನೆ,
ಸೋಮವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಗಂಟಲು ಹೇಗಿದೆ? ಅಲ್ಲಿ ಚಳಿಗೆ ಹಲ್ಲು ಕಟಕಟ ಅನ್ನುತ್ತೆ ಅಂತ ಬರೆದಿದ್ದೆ. ಬಿಸಿನೀರು ಕುಡೀತಿದೀಯಾ, ಇಲ್ಲಾ ಅಲ್ಲಿಗೆ ಹೋದ್ಮೇಲೂ ಐಸು ಕಡಿಯೋ ಚಟ ಬಿಟ್ಟಿಲ್ವಾ? ಅಜ್ಜಿ ಚೆನ್ನಾಗಿದಾಳೆ. ನೀನಿರೋ ದೇಶದೋರು ಪುಕ್ಕಟೆ ಮಾಡ್ಕೊಟ್ಟ ಕಣ್ಣಿನ ಆಪರೇಷನ್ ಆದ್ಮೇಲೆ ಸೂಜಿಗೆ ತಾನೇ ದಾರ ಪೋಣಿಸ್ತಾಳೆ, ನನ್ನ ಕಾಲರಿನ ಕೊಳೆನೂ ದೂರದಿಂದ್ಲೇ ಕಂಡುಹಿಡೀತಾಳೆ. ಅಪ್ಪ ಇದಾನೆ. ಹೇಗಿದಾನೆ ಅಂತ ಈಗಲೇ ಕೇಳ್ಬೇಡ, ಅದನ್ನೇ ಬರೀತೀನಿ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದೋನು ನಾನು, ಕಾಗುಣಿತ ತಪ್ಪಿದ್ರೆ ನಗ್ಬೇಡ. ಬೈಯೋಕೆ ಕಾಗುಣಿತ ಬೇಕಾಗಿಲ್ಲ.

ಹಡಗು ಕಟ್ಟೋ ಧಕ್ಕೆಯ ಬಾಗಿಲ ಕಮಾನಿಗೆ ನಿನ್ನ ಫೋಟೋ ಹಾಕಿದಾರೆ ಕಣಕ್ಕ. ಎಷ್ಟು ದೊಡ್ಡದು ಅಂದ್ರೆ, ನಿನ್ನ ಮೂಗಿನ ಮೇಲೆ ಕಾಗೆ ಕೂತ್ರೆ ಮಚ್ಚೆ ಥರ ಕಾಣುತ್ತೆ. ಕೆಳಗೆ ‘ಸ್ನೇಹದ ದನಿ’ ಅಂತ ಎರಡು ಭಾಷೇಲಿ ಬರೆದಿದಾರೆ, ಅವರದ್ದು ಮೇಲೆ, ನಮ್ಮದು ಕೆಳಗೆ. ನಾನು ದೋಣಿ ಅಡಿ ಮಲಗಿ ಹಲಗೆ ಸಂದಿಗೆ ಎಣ್ಣೆ ಹತ್ತಿ ತುರುಕ್ತಾ ತಲೆ ಎತ್ತಿದ್ರೆ ನೀನೇ. ಹಲ್ಲು ಬಿಟ್ಕೊಂಡು ನಗ್ತಿರ್ತೀಯ. ನಮ್ಮನೇಲಿ ಯಾವತ್ತೂ ನೀನು ಹಾಗೆ ನಕ್ಕಿಲ್ಲ.

ನಾವು ಚಿಕ್ಕೋರಿದ್ದಾಗ ಅವರ ದೇಶ ಅಂದ್ರೆ ಅಲ್ಲಿಂದ ಬರ್ತಿದ್ದ, ಎರಡೇ ದಿನಕ್ಕೆ ಕೈಕಾಲು ಕಳಚ್ಕೊಳ್ಳೋ ಅಗ್ಗದ ಬೊಂಬೆ. ಈಗ ನೋಡು. ಸ್ನೇಹ ಭವನ ಬಂತು, ಪುಕ್ಕಟೆ ಭಾಷೆ ಕ್ಲಾಸು ಬಂತು, ಶನಿವಾರದ ಸಿನಿಮಾ ಬಂತು. ಆ ಸಿನಿಮಾದಲ್ಲಿ ಮುಳುಗೋರನ್ನ ಎತ್ತೋರು ಯಾವಾಗ್ಲೂ ಅವರೇ, ಮುಳುಗೋರು ಮಾತ್ರ ನಮ್ಮಂಥೋರು. ಭವನದ ಯಜಮಾನನಿಗೆ ಊರಿಟ್ಟ ಹೆಸರು ಗೊತ್ತಲ್ಲ, ಕೈಕುಲುಕಪ್ಪ. ಸತ್ತೋರ ಮನೆಗೆ ಬಂದ್ರೂ ಹೆಣದ ಕೈ ಹುಡುಕ್ತಾನೆ. ಪುಣ್ಯಾತ್ಮ ಇವತ್ತಿನವರೆಗೂ ಯಾರ ಮೇಲೂ ದನಿ ಎತ್ತಿಲ್ಲ. ಎತ್ತೋ ಅಗತ್ಯನೇ ಬಿದ್ದಿಲ್ಲ. ಮೀನು ಮಾರೋ ಚಿಕ್ಕಮ್ಮ ಒಂದ್ಸಲ ‘ಇವರಿಗ್ಯಾಕಂತೆ ನಮ್ಮ ಹಾಡು’ ಅಂತ ಕೇಳಿದ್ಲು. ಆಮೇಲೆ ಅವಳ ಮಗಳ ಸ್ಕಾಲರ್‌ಶಿಪ್ಪು ‘ಮುಂದಿನ ಸಲ ನೋಡೋಣ’ ಆಯ್ತು. ಚಿಕ್ಕಮ್ಮನ್ನ ಬೈದೋರು ಅವರಲ್ಲ, ನಮ್ಮೋರೇ. ‘ಉಂಡ ಮನೆ ಜಂತೆ ಎಣಿಸ್ತೀಯಲ್ಲೇ’ ಅಂತ ಊರೇ ಅವಳ ಮೇಲೆ ಬಿತ್ತು. ಈಗ ಅವಳು ಮೀನಿನ ಬೆಲೆ ಬಿಟ್ಟು ಬೇರೆ ಮಾತಾಡಲ್ಲ.

ಭವನದೋರು ನಮ್ಮ ಹಾಡು ರೆಕಾರ್ಡ್ ಮಾಡ್ಕೊಳ್ಳೋಕೆ ಬಂದಾಗ ನೀನೇ ಮುಂದೆ ನಿಂತು ಎಲ್ಲರನ್ನೂ ಕರ್ಕೊಂಡು ಹೋದೆ. ಅಪ್ಪನೂ ಅಳಿವೆ ಹಾಡು ಹಾಡ್ದ. ಆದ್ರೆ ನೆಲದ ಮೇಲೆ ಹಾಡೋ ಥರ ಹಾಡ್ದ, ಮೂರನೇ ಚರಣ ಬಿಟ್ಟು. ಅದು ಬರೀ ಹಾಡಲ್ಲ ಅಂತ ಅಪ್ಪನ ದೋಣೀಲೇ ಬೆಳೆದ ನಿನಗೆ ನಾನು ಹೇಳ್ಬೇಕಾ? ಹೊಳೆ ಕಡಲು ಸೇರೋ ಅಳಿವೆ ಬಾಯಲ್ಲಿ ಚುಕ್ಕಾಣಿ ಹಿಡಿದು ಶುರು ಮಾಡಿದ್ರೆ, ಒಂದು ಚರಣ ಮುಗಿದಾಗ ಬಲಕ್ಕೆ, ಇನ್ನೊಂದು ಮುಗಿದಾಗ ಎಡಕ್ಕೆ, ಮರಳ ದಿಬ್ಬಗಳ ಮಧ್ಯೆ ನುಸುಳಿ, ಹಾಡು ಮುಗಿಯೋ ಹೊತ್ತಿಗೆ ಧಕ್ಕೆ. ಮಂಜಲ್ಲಿ ಕಣ್ಣು ಬೇಡ, ಗಂಟಲು ಸಾಕು. ಹೊರಗಿನ ಹಡಗುಗಳಿಗೆ ಅಪ್ಪ ದಾರಿ ತೋರಿಸ್ತಿದ್ದದ್ದು ಹಾಗೇ ತಾನೆ. ಅದಕ್ಕೇ ನೀರಿನ ಮೇಲೆ ಪೂರ್ತಿ, ನೆಲದ ಮೇಲೆ ಮೂರನೇದು ಬಿಟ್ಟು. ಮದುವೇಲೂ ಬಿಟ್ಟೇ ಹಾಡ್ತೀವಿ, ಮಗು ತೂಗೋವಾಗ್ಲೂ ಬಿಟ್ಟೇ ಹಾಡ್ತೀವಿ.

ನೀನು ಅವರ ಟೀವೀಲಿ ಹಾಡಿದ ದಿನ ಇಡೀ ಊರು ಭವನದಲ್ಲಿ ಕೂತಿತ್ತು. ಎಷ್ಟು ಚೆನ್ನಾಗಿ ಹಾಡಿದೆ ಅಕ್ಕಾ. ನಾನು ಅತ್ತುಬಿಟ್ಟೆ, ಥೂ ನನ್ನ ಜನ್ಮಕ್ಕೆ. ಆಮೇಲೆ ಮೂರನೇ ಚರಣ ಬಂತು. ಊರು ಚಪ್ಪಾಳೆ ತಟ್ತು, ಅಪ್ಪ ಎದ್ದು ಹೋದ. ಅಲ್ಲಿ ಯಾರೋ ಮೇಷ್ಟ್ರು ‘ಇಲ್ಲೇನೋ ಬಿಟ್ಟುಹೋಗಿದೆಯಲ್ಲಮ್ಮ, ಪೂರ್ತಿ ಹಾಡಿದ್ರೇನೇ ನಿಮ್ಮೂರಿಗೆ ಮರ್ಯಾದೆ’ ಅಂದಿರ್ಬೇಕು. ನಮ್ಮ ಹಾಡನ್ನ ಪೂರ್ತಿ ಕೇಳ್ತೀನಿ ಅಂತ ಹೊರಗಿನೋರು ಕೂತ್ರೆ ಯಾರಿಗೆ ತಾನೇ ಬೇಡ ಅನ್ನೋಕಾಗುತ್ತೆ? ಅದಕ್ಕೇ ನಿನ್ನನ್ನ ಮನಸಾರೆ ಬೈಯೋಕೂ ಆಗ್ತಿಲ್ಲ, ಅದೇ ಹೊಟ್ಟೆ ಉರಿ.

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ, ಕೈ ಚಾಚಿದ್ರೆ ಕೈ ಕಾಣದಂಥ ಮಂಜು. ಅಪ್ಪನಿಗೆ ಕರೆ ಬರ್ಲಿಲ್ಲ. ಆದ್ರೂ ಅಳಿವೆ ಬಾಯಲ್ಲಿ ಇಂಜಿನ್ ಸದ್ದು ಕೇಳಿಸ್ತು, ದೊಡ್ಡ ಸದ್ದು. ಅಪ್ಪ ಧಕ್ಕೆ ತುದೀಲಿ ನಿಂತು ಬಾಯೊಳಗೇ ಹಾಡ್ಕೊಳ್ಳೋಕೆ ಶುರು ಮಾಡ್ದ. ಒಂದು ಚರಣ ಮುಗೀತು, ಸದ್ದು ಬಲಕ್ಕೆ ತಿರುಗ್ತು. ಇನ್ನೊಂದು ಮುಗೀತು, ಎಡಕ್ಕೆ ತಿರುಗ್ತು. ಅಪ್ಪ ನಿಲ್ಲಿಸಿದ್ರೆ ಹಡಗೂ ನಿಲ್ಲುತ್ತೇನೋ ಅನ್ನೋ ಥರ ಅವನ ಬಾಯಿ ಮುಚ್ಚೋಕೆ ಹೋದೆ ನಾನು, ಪೆದ್ದ. ಹಾಡು ಮುಗೀತು, ಮಂಜಿಂದ ಬೂದಿ ಬಣ್ಣದ ಗೋಡೆಯೊಂದು ಹೊರಗೆ ಬಂತು. ಮೇಲಿಂದ ಮಕ್ಕಳಿಗೆ ಚಾಕಲೇಟು ಎಸೆದ್ರು, ಬ್ಯಾಂಡು ಬಾರಿಸಿದ್ರು. ಕೈಕುಲುಕಪ್ಪ ಓಡಿಬಂದು ಅಪ್ಪನ ಕೈ ಹಿಡ್ಕೊಂಡು ‘ನಿಮ್ಮ ಮಗಳೇ ಸ್ವಾಮಿ ನಮಗೆ ದಾರಿ ತೋರಿಸಿದ್ದು’ ಅಂದ. ಹೊಗಳಿಕೆ ಅಂತಲೇ ಅಂದ, ಆ ಮುಖ ನೋಡಿದ್ರೆ ಗೊತ್ತಾಗ್ತಿತ್ತು.

ಅವತ್ತಿಂದ ಅಪ್ಪನ್ನ ಯಾವ ಹಡಗೂ ಕರೆದಿಲ್ಲ. ಬದಲಿಗೆ ಹಿತ್ತಾಳೆ ಗುಂಡಿ ಕೋಟು ಕೊಟ್ಟು ಭವನದ ಬಾಗಿಲಲ್ಲಿ ನಿಲ್ಲಿಸಿದಾರೆ. ಬಂದೋರಿಗೆಲ್ಲ ಬಗ್ಗಿ ನಮಸ್ಕಾರ ಹಾಕೋ ಕೆಲಸ. ಬಿರುಗಾಳೀಲೂ ಬಗ್ಗದ ಮನುಷ್ಯ. ಅಜ್ಜಿ ಹೇಳ್ತಾಳೆ, ‘ಬಂದೂಕು ತಂದೋರ ಮುಂದೆ ಬಾಯಿ ಮುಚ್ಕೊಂಡಿದ್ವಿ, ಮೈಕು ತಂದೋರ ಮುಂದೆ ಬಾಯಿ ಬಿಟ್ಕೊಂಡ್ವಿ.’

ಈಗ ಅವರಿಗೆ ಎರಡನೇ ಹಾಡು ಬೇಕಂತೆ. ಊರ ಹಿಂದಿನ ಹಿಂಗಾಲುವೆ ಹಾಡು, ನಿನಗೂ ಅಪ್ಪ ಕಲಿಸದೇ ಇದ್ದದ್ದು. ಹಿಂದೆ ಬಂದೂಕಿನ ಹಡಗುಗಳು ಬಂದಾಗ ಇಡೀ ಊರು ದೋಣಿ ಹತ್ತಿ ಆ ಹಿಂಗಾಲುವೆಯೊಳಗೇ ಅಡಗಿ ಬದುಕಿದ್ದು ಅಂತ ಅಜ್ಜಿ ಕತೆ ಹೇಳ್ತಿದ್ಲಲ್ಲ. ಅಲ್ಲಿಗೆ ದೊಡ್ಡ ಹಡಗು ಹೋಗಲ್ಲ, ವ್ಯಾಪಾರ ಇಲ್ಲ, ದೀಪ ಇಲ್ಲ. ಅಡಗೋಕೆ ಬಿಟ್ರೆ ಇನ್ಯಾತಕ್ಕೂ ಬಾರದ ಜಾಗ. ಅದರ ದಾರಿ ಇವರಿಗ್ಯಾಕೆ, ಹೇಳು? ಕೇಳಿದ್ರೆ ‘ಸ್ನೇಹದ ದಿನಕ್ಕೆ, ಎರಡು ಹಾಡು ಜೋಡಿಯಾಗಿದ್ರೆ ಚೆಂದ’ ಅಂತಾನೆ ಕೈಕುಲುಕಪ್ಪ.

ಅಪ್ಪ ಒಪ್ಕೊಂಡ ಅಕ್ಕಾ. ‘ಹಾಡ್ತೀನಿ ಬಿಡೋ ಮೊಂಡ, ಕೇಳಿದೋರಿಗೆ ಇಲ್ಲ ಅನ್ನಬಾರದು’ ಅಂತ ನಗ್ತಾ ಕೋಟಿನ ಗುಂಡಿ ಹಾಕ್ಕೊಂಡು ಹೋಗಿ ನಾಲ್ಕೂ ಚರಣ ಹಾಡಿ ಬಂದ. ನಾನು ಬಾಯಿಗೆ ಬಂದಿದ್ದು ಬೈದೆ. ಮಗ ಅನ್ನೋನು ಅಪ್ಪನಿಗೆ ಅನ್ನಬಾರದ್ದೆಲ್ಲ ಅಂದೆ. ಅವನು ಗುಂಡಿ ಒರೆಸ್ಕೊಂಡು ಕೂತಿದ್ದ. ಅವನ ಜೊತೆ ಮಾತು ಬಿಟ್ಟಿದೀನಿ. ನೀನಾದ್ರೂ ಬಂದು ಕೇಳು, ನಿನ್ನ ಮಾತಿಗೆ ಬೆಲೆ ಇದೆ. ನಿನ್ನ ಮುಖಕ್ಕಂತೂ ಭಾರೀ ಬೆಲೆ ಬಂದಿದೆ.

ಅಜ್ಜಿ ಆಶೀರ್ವಾದ ಹೇಳಿದಾಳೆ, ತಲೆಗೆ ಎಣ್ಣೆ ಹಾಕ್ಕೋ ಅಂದಿದಾಳೆ. ಈ ಕಾಗದ ಭವನದ ಪುಕ್ಕಟೆ ಅಂಚೇಲಿ ಹಾಕ್ತಿಲ್ಲ, ಸರಕಿನ ಹಡಗಿನ ಅಡುಗೆಯವನ ಕೈಲಿ ಕೊಡ್ತಿದೀನಿ. ನೇರ ನಿನ್ನ ಕೈಗೇ ಮುಟ್ಟಿಸ್ತಾನೆ.

ಬೈದ್ರೂ ನಿನ್ನವನೇ,
ತಮ್ಮ ಮೊಂಡ

ಮರೆತಿದ್ದಲ್ಲ, ಈಗ ಗೊತ್ತಾಗಿದ್ದು: ಅಡುಗೆಯವನು ಹೊರಗೆ ಕಾಯ್ತಿದಾನೆ, ಬೇಗ ಬೇಗ ಬರೀತಿದೀನಿ. ಕಮಾನಿಗೆ ಹೊಸ ಪೋಸ್ಟರ್ ಅಂಟಿಸಿದಾರೆ. ಸ್ನೇಹದ ದಿನ ನಿನ್ನನ್ನ ಸಣ್ಣ ಮೋಟಾರ್ ದೋಣೀಲಿ ಹಿಂಗಾಲುವೆ ದಾರೀಲೇ ಊರಿಗೆ ಕರ್ಕೊಂಡು ಬರ್ತಾರಂತೆ, ಮುಂದುಗಡೆ ನಿಲ್ಲಿಸಿ, ಅಪ್ಪ ಹಾಡಿದ ಹಾಡು ಹಾಡಿಸ್ತಾ. ಓಡಿಬಂದು ಅಪ್ಪನಿಗೆ ಹೇಳಿದೆ. ಆಗಲೇ ಅವನು ನಿಜ ಹೇಳಿದ್ದು. ಎರಡನೇ ಚರಣ ಬೇಕಂತಲೇ ತಿರುಚಿ ಹಾಡಿದಾನಂತೆ. ಎಡಕ್ಕೆ ಹೋಗೋ ಕಡೆ ಬಲಕ್ಕೆ ಅಂದಿದಾನಂತೆ. ಅಲ್ಲಿ ನೀರಡಿ ಬಂಡೆ, ಹೋದ ದೋಣಿ ತಳ ಸೀಳಿ ಹೋಗುತ್ತೆ. ಈಗ ಕೋಟು ಹಾಕ್ಕೊಂಡು ನಿಂತಿದಾನೆ, ಭವನಕ್ಕೆ ಹೋಗಿ ನಿಜವಾದ ಹಾಡು ಹೇಳಿಬಿಡೋಕೆ. ನಾನು ಬಾಗಿಲಿಗೆ ಅಡ್ಡ ನಿಂತೇ ಇದನ್ನ ಬರೀತಿದೀನಿ. ನೀನು ಹೊರಡಲ್ಲ ಅಂತ ಸುದ್ದಿ ಬಂದ್ರೆ ಮಾತ್ರ ಅವನು ಬಾಯಿ ಬಿಡಲ್ಲ. ಅಕ್ಕಾ, ಆ ದೋಣಿ ಹತ್ಬೇಡ. ಗಂಟಲು ಕೆಟ್ಟಿದೆ ಅನ್ನು. ಸುಳ್ಳಾದ್ರೆ ಐಸು ಕಡಿದು ನಿಜ ಮಾಡ್ಕೋ.