ಬಿರುಕಿನ ಮೇಲಿನ ಚೀಟಿ

ಸೋಮವಾರ, ಮಧ್ಯಾಹ್ನ
ಎದುರುಮನೆ ಟೈಲರಮ್ಮನ ಅಂಗಡಿ

ನನ್ನ ಮುದ್ದು ಅಮ್ಮಾ,

ನಾನು ಬರುತ್ತಿದ್ದೇನೆ, ಅತ್ತೆಯನ್ನೂ ಕರೆದುಕೊಂಡು, ಪೂರ್ತಿ ಹದಿನೈದು ದಿನಕ್ಕೆ! ಮದುವೆಯಾಗಿ ನಾಲ್ಕು ತಿಂಗಳಾಗಿಲ್ಲ, ಆಗಲೇ ತವರು! ನನ್ನ ಹಳೇ ಮಂಚ, ನನ್ನ ಕಿಟಕಿ, ನಿನ್ನ ಬೈಗುಳ, ಎಲ್ಲ ಬೇಕು ನನಗೆ. (ಕಾಗುಣಿತ ನೋಡಿ ನಗಬೇಡ. ಇಂಗ್ಲಿಷ್ ಮೀಡಿಯಮ್ಮಿಗೆ ಸೇರಿಸಿದವಳು ನೀನೇ.)

ಇವರ ಟ್ರೈನಿಂಗ್ ಮುಗಿಯುವುದು ಮುಂದಿನ ತಿಂಗಳು. ಅಷ್ಟರೊಳಗೆ ಮನೆಯಲ್ಲಿ ಸ್ವಲ್ಪ ಮರಗೆಲಸ ಆಗಬೇಕಿದೆ. ಸ್ವಲ್ಪ ಅಂದೆನಲ್ಲ, ಅದು ಸುಳ್ಳು. ಕೂತುಕೊಂಡು ಓದು ಅಮ್ಮಾ.

ಹಾಲ್‌ನ ನಡುವೆ ಒಂದು ಮರದ ಕಂಬ ಇದೆ ಎಂದು ಹೇಳಿದ್ದೆನಲ್ಲ? ನೀನು ಕೊಡಿಸಿದ ನೀಲಿ ಸೋಫಾ ಅದರ ಹಿಂದೆ ಜೈಲಿಗೆ ಹಾಕಿದ ಹಾಗೆ ಕಾಣುತ್ತಿತ್ತು. ಅಡುಗೆಮನೆಯ ಬಾಗಿಲು ಸರಿಮಾಡಲು ಒಬ್ಬ ಬಡಗಿ ಬಂದಿದ್ದರು. ಕಿವಿಯ ಮೇಲೆ ಸದಾ ಪೆನ್ಸಿಲ್ ಇರುವುದರಿಂದ ನಾನು ಅವರಿಗೆ ಇಟ್ಟ ಹೆಸರು ಪೆನ್ಸಿಲಣ್ಣ. ಹಾಗೇ ಈ ಕಂಬವನ್ನೂ ತೆಗೆದುಬಿಡಿ ಎಂದೆ. ಅವರು ಬೆರಳ ಗೆಣ್ಣಿನಿಂದ ಅದನ್ನು ತಟ್ಟಿದರು, ತಲೆಯೆತ್ತಿ ನೋಡಿದರು. ಇದು ಶೋಗೆ ನಿಲ್ಸಿರೋದಲ್ಲಮ್ಮಾ, ಮೇಲಿನ ರೂಮಿನ ತೊಲೆ ಪೂರ್ತಿ ಇದರ ತಲೆ ಮೇಲೇ ಕೂತಿದೆ, ಸೋಫಾನೇ ಆ ಕಡೆ ತಿರುಗಿಸ್ಕೊಳ್ಳಿ, ಕಾಸೂ ಖರ್ಚಿಲ್ಲ ಎಂದರು.

ನನಗೆ ಮುನಿಸು. ಹಾರ್ಡ್‌ವೇರ್ ಅಂಗಡಿಯ ಗೋಡೆಯ ಮೇಲಿದ್ದ ಇನ್ನೊಬ್ಬ ಬಡಗಿಯ ನಂಬರಿಗೆ ಫೋನ್ ಮಾಡಿದೆ. ಅವನು ಮಿಷನ್ ತಂದ, ಮೇಲೆ ನೋಡಲೂ ಇಲ್ಲ, ಹತ್ತು ನಿಮಿಷದಲ್ಲಿ ಕಂಬ ಮಾಯ! ಅತ್ತೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರು ವಾರದಿಂದ ಮೇಲಿನ ರೂಮಿನಲ್ಲೇ ಇದ್ದರು. ಏನೇ ಅದು ಸದ್ದು, ಮನೆ ಕೀಳ್ತಿದ್ದೀಯಾ ಎಂದು ಕೂಗಿದರು. ನಾನು ಮೆಟ್ಟಿಲ ಬುಡದಲ್ಲಿ ನಿಂತು, ಇಲ್ಲ ಅತ್ತೆ, ಪೆನ್ಸಿಲಣ್ಣ ಈ ಕಂಬ ದಂಡ ಅಂದ್ರು, ಅವರೇ ತೆಗೀತಿದ್ದಾರೆ ಎಂದು ಕೂಗಿದೆ. ಎಷ್ಟು ಸಲೀಸಾಗಿ ಬಂತು ಗೊತ್ತಾ ಆ ಮಾತು.

ನಾಲ್ಕನೇ ದಿನ ತೊಲೆಯ ತುದಿಯಿಂದ ಗೋಡೆಗೆ ಒಂದು ಬಿರುಕು ಇಳಿದಿತ್ತು. ಪೆನ್ಸಿಲಣ್ಣನನ್ನೇ ಕರೆಸಿದೆ, ಬೇರೆ ಯಾರನ್ನು ಕರೆಸಲಿ? ಕಂಬವಿದ್ದ ಜಾಗವನ್ನು ನೋಡಿದರು. ನನ್ನನ್ನು ನೋಡಲಿಲ್ಲ. ತೊಲೆಯ ಕೆಳಗೆ ಎರಡು ಮರದ ಆಸರೆ ಕೊಟ್ಟರು. ಆಮೇಲೆ ಅಳತೆಯ ಪುಸ್ತಕದಿಂದ ಒಂದು ಚೀಟಿ ಹರಿದು, ಬಿರುಕಿಗೆ ಅಡ್ಡಲಾಗಿ ಗೋಂದು ಹಚ್ಚಿ ಅಂಟಿಸಿ, ಅದರ ಮೇಲೆ ತಾರೀಖು ಬರೆದು ಸಹಿ ಹಾಕಿದರು. ಚೀಟಿ ಹರಿದರೆ ಮನೆ ಇನ್ನೂ ಕೆಳಕ್ಕೆ ಕೂರ್ತಾ ಇದೆ ಅಂತ, ಆ ಗಳಿಗೆಗೇ ದೊಡ್ಡಮ್ಮನ್ನ ಕೆಳಗಿಳಿಸಿ ನಂಗೆ ಹೇಳಿ ಎಂದರು. ಈಗಲೇ ಇಳಿಸಿದರೆ ಇನ್ನೂ ಒಳ್ಳೇದು ಎಂದೂ ಅಂದರು. ಡಾಕ್ಟರು ಅಲುಗಾಡಬಾರದು ಅಂದಿದ್ದಾರೆ ಎಂದೆ ನಾನು. ಡಾಕ್ಟರು ಹಾಗೆ ಅಂದಿರಲಿಲ್ಲ. ಕೆಳಗೆ ಬಂದರೆ ಅತ್ತೆ ಬಿರುಕು ನೋಡುತ್ತಾರಲ್ಲ!

ಅಮ್ಮಾ, ಮಾರನೇ ದಿನವೇ ಚೀಟಿ ಹರಿಯಿತು.

ಸರಿಯಾಗಿ ನಡುವೆ. ಹರಿದ ಎರಡು ತುಂಡುಗಳ ನಡುವೆ ಒಂದು ಕಡ್ಡಿ ತೂರಿಸುವಷ್ಟು ಜಾಗ. ನಾನು ಏನು ಮಾಡಿದೆ ಹೇಳಲಾ? ಅದನ್ನು ಕಿತ್ತು, ಅದೇ ಅಳತೆಗೆ ಇನ್ನೊಂದು ಚೀಟಿ ಕತ್ತರಿಸಿ ಅಂಟಿಸಿದೆ. ಅವರ ತಾರೀಖು, ಸಹಿ ಎರಡನ್ನೂ ನನ್ನ ಐಬ್ರೋ ಪೆನ್ಸಿಲ್ಲಿನಿಂದ ನಕಲು ಮಾಡಿದೆ. ಭಯ ಶುರುವಾಗಿದ್ದು ಆಮೇಲೆ. ಅತ್ತೆ ಊರುಗೋಲು ಊರಿ ಬಾತ್‌ರೂಮಿಗೆ ಹೋಗುವ ಟಕ್ ಟಕ್, ಪ್ರತಿ ಟಕ್ಕಿಗೂ ಸೋಫಾದ ಮೇಲೆ ಒಂದು ಚಿಟಿಕೆ ಮಣ್ಣು. ನಾನು ಕೆಳಗೆ ನಿಂತು ಹೆಜ್ಜೆ ಎಣಿಸುತ್ತಿದ್ದೆ. ಹನ್ನೊಂದು ಹೋಗಲು, ಹನ್ನೊಂದು ಬರಲು. ಮಂಚ ಕಿರುಗುಟ್ಟಿದ ಮೇಲೆ ಉಸಿರು ಬಿಡುತ್ತಿದ್ದೆ. ಊಟ ತೆಗೆದುಕೊಂಡು ಹೋದಾಗ, ಏನೇ ಮುಖ ಹೀಗೆ ಬಿಳಿಚಿಕೊಂಡಿದೆ, ವಿಶೇಷನಾ ಎಂದು ಅತ್ತೆ ಕಣ್ಣು ಮಿಟುಕಿಸಿದರು. ನಾನು ನಕ್ಕೆ ಅಮ್ಮಾ. ನಗು ಬಂತು ನನಗೆ.

ಇವತ್ತು ಬೆಳಿಗ್ಗೆ ಪೆನ್ಸಿಲಣ್ಣ ಬಂದು ಚೀಟಿ ನೋಡಿದರು. ಮುಖ ಅರಳಿತು. ಗಟ್ಟಿ ನಿಂತಿದೆ, ಇನ್ನು ಭಯ ಇಲ್ಲ, ಪಕ್ಕದೂರಲ್ಲಿ ಒಂದು ವಾರದ ಕೆಲಸ ಇದೆ, ಮುಗಿಸ್ಕೊಂಡು ಬಂದು ಹೊಸ ಕಂಬ ನಿಲ್ಸ್ತೀನಿ ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟರು. ಗೇಟು ಹಾಕಿದ ಸದ್ದು, ಮೇಲೆ ಊರುಗೋಲಿನ ಸದ್ದು, ಎರಡೂ ಒಟ್ಟಿಗೆ ಕೇಳಿದವು. ಒಂದು, ಎರಡು, ಮೂರು... ನಾಲ್ಕಕ್ಕೆ ನಾನು ರಸ್ತೆಯಲ್ಲಿದ್ದೆ, ಬರಿಗಾಲಲ್ಲಿ. ಬಸ್ ಸ್ಟಾಪಿನಲ್ಲಿ ಅವರ ತೋಳು ಹಿಡಿದು ಎಲ್ಲ ಹೇಳಿದೆ. ಅಷ್ಟು ಜನರ ಎದುರಿಗೆ. ಅವರು ಬೈಯಲಿಲ್ಲ. ದೊಡ್ಡಮ್ಮ ಈಗ ಮೇಲಿದ್ದಾರಾ ಎಂದಷ್ಟೇ ಕೇಳಿ, ನನಗಿಂತ ಮುಂದೆ ಓಡಿದರು.

ಟೈಲರಮ್ಮ, ಅವರ ಗಂಡ, ಪೆನ್ಸಿಲಣ್ಣ, ನಾನು, ನಾಲ್ವರೂ ಸೇರಿ ಕುರ್ಚಿಯಲ್ಲಿ ಕೂರಿಸಿ ಅತ್ತೆಯನ್ನು ಇಳಿಸಿದೆವು. ನಾನೇನು ಮದುವಣಗಿತ್ತಿನಾ, ಹೀಗೆ ಹೊತ್ಕೊಂಡು ಹೋಗ್ತೀರಲ್ಲ ಎಂದು ದಾರಿಯುದ್ದಕ್ಕೂ ತಮಾಷೆ ಮಾಡುತ್ತಿದ್ದರು. ನಾವು ರಸ್ತೆ ದಾಟುವಷ್ಟರಲ್ಲಿ ಒಳಗೆ ಒಂದು ಸದ್ದಾಯಿತು, ದೊಡ್ಡದೇನಲ್ಲ, ಗಂಟಲು ಸರಿಮಾಡಿಕೊಂಡ ಹಾಗೆ. ಆಮೇಲೆ ಬಾಗಿಲಿನಿಂದ ಇಣುಕಿ ನೋಡಿದೆ. ಅತ್ತೆಯ ಮಂಚದ ಒಂದು ಕಾಲು ಹಲಗೆ ಸೀಳಿಕೊಂಡು ನೀಲಿ ಸೋಫಾದ ಮೇಲೆ ನೇತಾಡುತ್ತಿತ್ತು.

ಈಗ ಪೆನ್ಸಿಲಣ್ಣ ತಮ್ಮ ಜನರನ್ನು ಕರೆಸಿ ಹೊಸ ಆಸರೆಗಳಿಗೆ ಬೆಣೆ ಹೊಡೆಯುತ್ತಿದ್ದಾರೆ. ಒಂದೊಂದು ಏಟಿಗೂ ನನ್ನ ಅಕ್ಷರ ಹಾರುತ್ತಿದೆ, ನೋಡು. ಅವರು ಇನ್ನೂ ಆ ಮನೆಯ ಒಳಗೇ ಇದ್ದಾರೆ. ಅತ್ತೆ ಇಲ್ಲಿ ಕೂತು, ದಂಡ ಅಂತ ಕಂಬ ಕಿತ್ತ ಪುಣ್ಯಾತ್ಮ ಈಗ ಬಂದ ನೋಡು, ನನ್ನ ಮಗ ಬರಲಿ ಎಂದು ಅವರಿಗೇ ಬೈಯುತ್ತಿದ್ದಾರೆ. ಪೆನ್ಸಿಲಣ್ಣ ನೀರು ಕುಡಿಯಲು ಬಂದಾಗ ಎದುರಿಗೇ ಬೈದರು. ಅವರು ನನ್ನ ಕಡೆ ನೋಡಿದರು. ನಾನು ನನ್ನ ಕಾಲು ನೋಡಿಕೊಂಡೆ. ಹೋಗುವಾಗ ಮೆಲ್ಲಗೆ, ತೊಲೆ ನನ್ನ ಕೆಲಸ ಅಮ್ಮಾ, ಮಾತು ನಿಮ್ಮ ಕೆಲಸ ಎಂದರು.

ಶುಕ್ರವಾರ ಪ್ಲಾಸ್ಟರ್ ಬಿಚ್ಚುತ್ತಾರೆ. ಅಲ್ಲಿಯವರೆಗೆ ಟೈಲರಮ್ಮನ ಹಿಂದಿನ ಕೋಣೆ. ಆಮೇಲೆ ನೀನು.

ನಿನ್ನ,
ಬಾಯಿಬಡುಕಿ

ತಾ.ಕ.: ಈ ಕಾಗದದ ಮಡಿಕೆಯೊಳಗೆ ಹರಿದ ಚೀಟಿಯ ಎರಡೂ ತುಂಡು ಇಟ್ಟಿದ್ದೇನೆ. ನನ್ನ ಹತ್ತಿರ ಇದ್ದರೆ ಬಿಸಾಕಿಬಿಡುತ್ತೇನೆ. ಅತ್ತೆಗೆ ರೈಲಿನಲ್ಲಿ ನಾನೇ ಹೇಳಬೇಕೆಂದಿದ್ದೇನೆ. ಇಳಿಯುವಾಗ ನಾನು ಅತ್ತಿದ್ದರೆ ಹೇಳಿದ್ದೇನೆ ಎಂದು ತಿಳಿ. ಎಂದಿನ ಹಾಗೆ ನಗುತ್ತಾ ಓಡಿಬಂದರೆ, ಎಷ್ಟು ಮುದ್ದು ಮಾಡಿದರೂ ಕರಗಬೇಡ, ಈ ತುಂಡುಗಳನ್ನು ಅಲ್ಲೇ ಪ್ಲಾಟ್‌ಫಾರಂ ಮೇಲೆ ಅತ್ತೆಯ ಕೈಗೆ ಕೊಡು. ಬರುವ ಭಾನುವಾರ, ಬೆಳಗಿನ ಏಳೂವರೆಯ ಪ್ಯಾಸೆಂಜರ್.