ಲೋಬಾನ ಹಿಡಿದ ಚುಸನಿ

ರಾಯಚೂರು
ಶನಿವಾರ, 14-12-2024, ಸಂಜೆ

ಪ್ರೀತಿಯ ಮಂಜಕ್ಕಾ,

ಹೇಗಿದ್ದೀ? ಹೊಲಿಗೆ ಹಾಕಿದ ಜಾಗ ಈಗಲೂ ಎಳೆಯುತ್ತದೆಯೋ, ಪೂರ್ತಿ ಒಣಗಿತೋ? ಮಗಳು ಹಾಲು ಕುಡಿದ ಮೇಲೆ ತೇಗುತ್ತಾಳೋ, ಇಲ್ಲ ಹಾಗೇ ನಿನ್ನ ಹೆಗಲ ಮೇಲೆ ಕಕ್ಕುತ್ತಾಳೋ? ನಮ್ಮೂರು ಗೂಗಲ್‌ನಲ್ಲಿ ಈ ತಿಂಗಳು ಹೊಳೆಯ ಕಡೆಯಿಂದ ಬೀಸುವ ಗಾಳಿ ಮೈ ಕೊರೆಯುತ್ತದೆ, ಸ್ವೆಟರ್ ಹಾಕದೆ ಪಡಸಾಲೆಗೆ ಬರಬೇಡ. ಅವ್ವನ ಮೊಣಕಾಲು ಹೇಗಿದೆ? ನಿನಗೆ ನೀರು ಹಾಕಿ, ಕೂಸಿಗೆ ಎಣ್ಣೆ ತಿಕ್ಕಿ, ಮೇಲೆ ರೊಟ್ಟಿಯನ್ನೂ ಅವಳೇ ಬಡಿಯುತ್ತಿರುತ್ತಾಳೆ, ನನಗೆ ಗೊತ್ತು. ಬೇಡವೆಂದರೆ ಕೇಳುವವಳಲ್ಲ. ನಾವು ಇಲ್ಲಿ ಆರಾಮ. ಕೂಸು ದುಂಡಗಾಗಿದ್ದಾನೆ. ನಾನು ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಖಾರ ತಿಂದೂ ತಿಂದೂ ಅಡುಗೆಮನೆಯ ಒಂದು ಡಬ್ಬಿಯ ಹಾಗಾಗಿದ್ದೇನೆ.

ಈ ಕಾಲದಲ್ಲಿ ಕಾಗದವೇನೇ ಹುಚ್ಚಿ ಎಂದು ನಗಬೇಡ. ನಮ್ಮ ಅತ್ತೆಯ ಕಾನೂನು ನಿನಗೆ ಗೊತ್ತೇ ಇದೆ. ಇಬ್ಬರು ಬಾಣಂತಿಯರು ಒಂದೇ ಸೂರಿನಡಿ ಇರಬಾರದು, ಒಬ್ಬರ ಮುಖ ಒಬ್ಬರು ನೋಡಬಾರದು ಎಂಬುದನ್ನು ಅವ್ವನೂ ಒಪ್ಪುತ್ತಾಳೆ. ಅದಕ್ಕೇ ತಾನೆ ಮೊದಲು ಹಡೆದ ನೀನು ತವರಲ್ಲಿ ಉಳಿದದ್ದು, ನಿನ್ನ ಬೆನ್ನಿಗೇ ಹಡೆದ ನಾನು ಗಂಡನ ಮನೆಯಲ್ಲೇ ಅತ್ತೆಯ ಕೈಯಿಂದ ಬಾಣಂತನ ಮಾಡಿಸಿಕೊಳ್ಳುತ್ತಿರುವುದು. ಆದರೆ ಅವ್ವ ಮುಖಕ್ಕಷ್ಟೇ ನಿಲ್ಲಿಸಿದ್ದನ್ನು ಅತ್ತೆ ಮುಂದಕ್ಕೆ ಒಯ್ದರು. ವಿಡಿಯೋ ಕಾಲ್ ಕೂಡ ಮುಖ ನೋಡಿದ ಹಾಗೆಯೇ ಎಂದು ತೀರ್ಪಾಯಿತು. ಹಾಗಾದರೆ ಬರೀ ಮಾತಾಡುತ್ತೇನೆ ಎಂದರೆ, "ಬಾಣಂತಿ ಕಿವೀಗಿ ಫೋನ್ ಹಚ್ಚಿದ್ರ ಗಾಳಿ ಹೊಕ್ಕೊಂತದ" ಎಂದು ಕಿವಿಗೆ ಇನ್ನಷ್ಟು ಹತ್ತಿ ತುರುಕಿದರು. ಅವ್ವ ಫೋನ್ ಮಾಡಿದರೆ ತಾವೇ ಮಾತಾಡಿ, "ನಿಮ್ಮವ್ವ ಆರಾಮ ಅದಾಳಂತ, ಹೊಟ್ಟಿ ತುಂಬ ಉಣ್ಣಂತ ಹೇಳ್ಯಾಳ" ಎಂದು ನನಗೆ ದಾಟಿಸುತ್ತಾರೆ. ಕಾಗದಕ್ಕೆ ಮುಖವೂ ಇಲ್ಲ, ದನಿಯೂ ಇಲ್ಲವಲ್ಲ ಎಂದು ಇವತ್ತು ವಾದ ಹೂಡಿದೆ. ಅಡಿಕೆ ಕತ್ತರಿಸುತ್ತಾ ಸ್ವಲ್ಪ ಹೊತ್ತು ಯೋಚಿಸಿ ಪಾಸು ಮಾಡಿದರು. ನಿಮ್ಮ ಮನೆಯವರು, ತಿರುಪತಿ ಭಾವ, ಕುರ್ಡಿ ಶಾಲೆಯಲ್ಲಿ ಪಾಠ ಮುಗಿಸಿಕೊಂಡು ಇಲ್ಲಿಗೆ ಬಂದಿದ್ದಾರೆ, ಇಲ್ಲಿಂದ ನೇರ ನಿನ್ನ ಕಡೆಗೇ ಹೊರಡುತ್ತಾರಂತೆ. ಹೊರಗೆ ನಮ್ಮ ಮನೆಯವರ ಜೊತೆ ಚಹಾ ಕುಡಿಯುತ್ತಿದ್ದಾರೆ, ಒಳಗೆ ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅವನನ್ನು ಬೈಯಿ.

ಬಿ.ಎಡ್.ನ ಉಳಿದ ಒಂದು ಪೇಪರಿನ ವಿಷಯ ಹೇಳಬೇಕು. ಕೊನೆಯ ಸಾಲಿಗೆ ಹಾರಬೇಡ, ನಿನ್ನ ಚಾಳಿ ನನಗೆ ಗೊತ್ತು. ಹೋದ ಸಲ ವಾಂತಿಯ ಕಾಟದಲ್ಲಿ ಗಣಿತ ಬೋಧನೆಯ ಪೇಪರ್ ಬರೆಯಲಾಗಲಿಲ್ಲವಲ್ಲ, ಅದು ಇವತ್ತಿಗೆ ನಿಗದಿಯಾಗಿತ್ತು. ಇದನ್ನೂ ಬಿಟ್ಟರೆ ಮತ್ತೊಂದು ವರ್ಷ. ಕೂಸನ್ನು ಕಟ್ಟಿಕೊಂಡು ಒಂದು ವರ್ಷ ಬಿಟ್ಟವಳು ಮತ್ತೆ ಪುಸ್ತಕ ಹಿಡಿಯುತ್ತಾಳೆಂಬ ನಂಬಿಕೆ ನನಗೇ ಇರಲಿಲ್ಲ. ಅತ್ತೆ ಬೇಡ ಎನ್ನಬಹುದೆಂದು ಹೆದರಿದ್ದೆ. "ಬರೀ ಹೋಗು. ಗೇಟಿನ ಬಾಜೂಕ ಕೂಸಿನ್ನ ಎತ್ಗೊಂಡು ನಾ ಕುಂದ್ರತೀನಿ" ಎಂದುಬಿಟ್ಟರು. ಕಷ್ಟವಿದ್ದದ್ದು ಕೂಸಿನದು. ಅವನು ಹೊಟ್ಟೆಗಾಗಿ ಕುಡಿಯುವುದು ಒಂದಿಷ್ಟು, ಸಮಾಧಾನಕ್ಕಾಗಿ ಚೀಪುವುದು ದಿನವಿಡೀ. ಹಾಲು ಹಿಂಡಿಟ್ಟು ಚಮಚದಿಂದ ಕೊಟ್ಟರೆ ಗುಟುಕು ಗುಟುಕಾಗಿ ಕುಡಿಯುತ್ತಾನೆ, ಆಮೇಲೆ ಕಣ್ಣು ಮುಚ್ಚಬೇಕೆಂದರೆ ನನ್ನ ಎದೆಯೇ ಬೇಕು. ಸಿಗದಿದ್ದರೆ ಉಸಿರು ಕಟ್ಟುವ ಹಾಗೆ ಅಳುತ್ತಾನೆ. ಒಂದು ಸಲ ನಾನು ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಅತ್ತೆಯೂ ಅವನ ಜೊತೆ ಅಳುತ್ತಿದ್ದರು. ಹೀಗಿರುವಾಗ ಇಡೀ ಪರೀಕ್ಷೆ ಮುಗಿಯುವ ತನಕ ಏನು ಗತಿ?

ಅದಕ್ಕೇ ಚುಸನಿಯ ಯೋಚನೆ ಬಂದದ್ದು. ಅದೇ, ಹಾಲಿಲ್ಲದೆ ಬರೀ ಚೀಪಲು ಕೊಡುವ ನಿಪ್ಪಲ್. ಪರೀಕ್ಷೆಗೆ ಒಪ್ಪಿದ ಅತ್ತೆ ಇದಕ್ಕೆ ಮಾತ್ರ ಒಪ್ಪಲಿಲ್ಲ. "ರಬ್ಬರ್ ಬಾಯಾಗ ಇಟ್ರ ಕೂಸು ಮೊಲಿ ಮರೀತದ, ಆಮ್ಯಾಲ ಡಬ್ಬಿ ಹಾಲು ಹಿಡಕೊಂಡು ಕುಂದ್ರು" ಎಂದರು. ನಿಜ ಹೇಳುತ್ತೇನೆ ಅಕ್ಕಾ, ನನಗೂ ಅದೇ ಭಯ. ಪರೀಕ್ಷೆ ಗೆದ್ದು ಕೂಸಿನ ಬಾಯಿಂದ ಹಾಲು ಕಳೆದುಕೊಂಡರೆ ಆ ಸರ್ಟಿಫಿಕೇಟನ್ನು ಏನು ಮಾಡಲಿ? ಲಸಿಕೆಗೆ ಹೋದಾಗ ನರ್ಸ್ ಉಮಾದೇವಿಯವರನ್ನು ಕೇಳಿದೆ. ಅವನ ತೂಕ ನೋಡಿ, ನಾನು ಹಾಲು ಕುಡಿಸುವುದನ್ನೂ ನೋಡಿ, "ಎದಿ ಹಾಲು ಕುಡಿಯೋದು ಗಟ್ಟಿ ಆಗ್ಯಾದ, ಈಗ ಅಂಜಬ್ಯಾಡ್ರಿ. ಆದ್ರ ಹಸಿವಿಗಿ ಚುಸನಿ ಕೊಟ್ಟು ಸುಮ್ನಾಗಿಸಬ್ಯಾಡ್ರಿ, ಮೊದ್ಲು ಮೊಲಿ" ಎಂದರು. ತುಂಡು ತುಂಡು ಜೋಡಿಸಿದ್ದು ಬೇಡ, ಇಡಿಯಾಗಿ ಒಂದೇ ಅಚ್ಚಿನದಿರಬೇಕು. ತುಟಿಯ ಮೇಲೆ ಕೂರುವ ಬಿಲ್ಲೆ ಬಾಯಿಗಿಂತ ಅಗಲವಿದ್ದು ಗಾಳಿಗೆ ತೂತಿರಬೇಕು. ದಾರ ಕಟ್ಟಿ ಕೊರಳಿಗೆ ಹಾಕಲೇಬಾರದು ಎಂದೂ ಹೇಳಿ ಕಳಿಸಿದರು. ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಸುಗ್ರಾ ಬೇಗಂ ಕರಿದಾರ ಹಿಡಿದು ನಿಂತಿದ್ದರು. "ಸ್ವಲ್ಪ ಶಹದ್ ಹಚ್ಚಿ ಕೊಡು ಬೇಟಾ, ಚುಪ್ ಆಗ್ತಾನ" ಎಂದು ಜೇನಿನ ಬಾಟಲಿಯೂ ತಂದಿದ್ದರು ಪಾಪ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದೆಂದು ಉಮಾದೇವಿಯವರು ಹೇಳಿದ್ದನ್ನು ಇವರಿಗೆ ನೋವಾಗದಂತೆ ಹೇಳುವುದರಲ್ಲಿ ನನಗೆ ಬೆವರು ಬಂತು. ದಾರವನ್ನು ಅವನ ತೊಟ್ಟಿಲಿನ ಕಾಲಿಗೆ ಕಟ್ಟಿದೆ, ಜೇನನ್ನು ನಾನೇ ರೊಟ್ಟಿಗೆ ಹಚ್ಚಿಕೊಂಡು ತಿಂದೆ.

ತರುವ ಕೆಲಸ ನಮ್ಮ ಮನೆಯವರದು. ಬಸ್ ಡಿಪೋದ ಮೆಕ್ಯಾನಿಕ್‌ನ ಕೈಗೆ ಇಂಥ ಕೆಲಸ ಕೊಡಬಾರದು ನೋಡು. ಮೊದಲು ಕಂದು ರಬ್ಬರಿನ ಉದ್ದನೆಯದೊಂದು ತಂದರು. ಅದು ಬಾಯಿಗೆ ತಾಗಿದ್ದೇ ಕೂಸು ಓಕರಿಸಿದ. ಎರಡನೆಯದು ಒಂದು ಕಡೆ ಚಪ್ಪಟೆ, ಅದನ್ನು ನಾಲಿಗೆಯಿಂದ ನೂಕಿ ನೂಕಿ ಹೊರಗೆ ಹಾಕಿದ. ಮೂರನೆಯದು ಉಮಾದೇವಿಯವರು ಹೇಳಿದ ಹಾಗೆಯೇ ಇಡಿಯಾಗಿ ಸಿಲಿಕಾನಿನದು, ಮೆತ್ತಗೆ, ತುದಿ ದುಂಡಗೆ. ಅದನ್ನು ಎರಡು ಸಲ ಜಗಿದು, ನನ್ನನ್ನೊಮ್ಮೆ ನೋಡಿ, ನಾನು ಅವನಿಗೆ ಮೋಸ ಮಾಡಿದೆನೆಂಬಂತೆ ಅತ್ತ. ಮೆಡಿಕಲ್ ಅಂಗಡಿಯ ಖಾಜಾ ಇವರನ್ನು ಕಂಡರೆ, "ಅಣ್ಣಾ, ಕೂಸಿನ ಬಾಯೀನ ಇಲ್ಲಿಗಿ ತಗೊಂಡ್ ಬರ್ರಿ, ಅಳತಿ ತಗೊಂತೀನಿ" ಎನ್ನತೊಡಗಿದ್ದನಂತೆ. ಇವರಿಗೆ ಅದು ಮೆಕ್ಯಾನಿಕ್‌ನ ಮರ್ಯಾದೆಯ ಪ್ರಶ್ನೆಯಾಯಿತು. ಎಲ್ಲಿ ದೋಷವಿದೆ ನೋಡೋಣ ಎಂದು ಒಂದನ್ನು ತಮ್ಮ ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿರುವಾಗ ಅತ್ತೆ ಒಳಗೆ ಬಂದರು. "ಮೀಸಿ ಬಂದ್ರೂ ನನ್ನ ಮಗ್ಗ ಚೀಪೋದು ಹೋಗಿಲ್ಲಲ್ಲವ್ವ" ಎಂದರು. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ನಿಂತ ಮೇಲೆ ಕ್ಯಾಲೆಂಡರ್ ನೋಡಿ ಪರೀಕ್ಷೆಗೆ ಉಳಿದ ದಿನ ಎಣಿಸಿದೆ.

ಗುರುವಾರ ಆದದ್ದು ಕೇಳು. ನೀರು ಹಾಕಿದ ಮೇಲೆ ಅತ್ತೆ ದಿನಾಲೂ ಕೆಂಡದ ಬೋಗುಣಿಯ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ನನ್ನ ಕುಪ್ಪಸ, ಕೂಸಿನ ಬಟ್ಟೆ ಹರಡಿ, ಲೋಬಾನ ಅಜವಾನ ಉದುರಿಸಿ ಹೊಗೆ ಕೊಡುತ್ತಾರೆ. ಅವ್ವನೂ ನಿನಗೆ ಮಾಡುತ್ತಿರುತ್ತಾಳೆ. ಪೇಟೆಯಿಂದ ಬಂದ ಯಾವ ವಸ್ತುವೂ ಹೊಗೆ ಕಾಣದೆ ಕೂಸನ್ನು ಮುಟ್ಟಬಾರದೆಂಬುದು ಅತ್ತೆಯ ಪದ್ಧತಿ. ಚುಸನಿಗಳಿಗೆ ಮಾತ್ರ ಆ ಸಂಸ್ಕಾರ ಆಗಿರಲಿಲ್ಲ, ಏಕೆಂದರೆ ಇವರು ಅವನ್ನು ತಂದ ಕೂಡಲೇ ಕುದಿಸಿ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದರು. ಅತ್ತೆಗೆ ಅದರಲ್ಲೇ ಅನುಮಾನ. ಟೈರಿನ ವಾಸನೆಗೇ ಕೂಸು ಉಗುಳುತ್ತದೆಂದು ಲೆಕ್ಕ ಹಾಕಿ, ಮೂರನ್ನೂ ನಾನು ಬಿಚ್ಚಿಟ್ಟ, ಹಾಲು ಸೋರಿ ಒದ್ದೆಯಾಗಿದ್ದ ಕುಪ್ಪಸದಲ್ಲಿ ಸುತ್ತಿ ಬುಟ್ಟಿಯ ಮೇಲೆ ಇಟ್ಟರು. ಇಟ್ಟು, ಗಿರಣಿಯಿಂದ ಜೋಳದ ಹಿಟ್ಟು ತರಲು ಹೋದರು. ಅಲ್ಲಿ ಯಾರೋ ಮಾತಿಗೆ ಸಿಕ್ಕರು. ಬರುವಷ್ಟರಲ್ಲಿ ಕಂದು ರಬ್ಬರ್ ಬಟ್ಟೆಗೆ ಅಂಟಿತ್ತು, ಚಪ್ಪಟೆಯದರ ಬಿಲ್ಲೆ ಹಪ್ಪಳದ ಹಾಗೆ ಸುರುಟಿತ್ತು. ಮೇಲಿನ ಮಡಿಕೆಯಲ್ಲಿದ್ದ ಸಿಲಿಕಾನಿನದೊಂದು ಮಾತ್ರ ಏನೂ ಆಗದೆ ಉಳಿದಿತ್ತು. ನಾನು ಕೂಗಾಡಿಬಿಟ್ಟೆ, ಅಕ್ಕಾ. ಈ ಮನೆಗೆ ಬಂದ ಮೇಲೆ ಅತ್ತೆಯ ಎದುರು ದನಿ ಎತ್ತಿದ್ದು ಅದೇ ಮೊದಲು. ಅವರು ಹಿಟ್ಟಿನ ಕೈಯಲ್ಲೇ ನಿಂತು, "ಚೊಲೋ ಆಗ್ಲಿ ಅಂತ ಮಾಡಿದ್ನೆವ್ವ" ಎಂದಷ್ಟೇ ಹೇಳಿದರು. ಆ ಮುಖ ನೋಡಿ ಇನ್ನಷ್ಟು ಸಂಕಟವಾಯಿತು.

ಉಳಿದದ್ದನ್ನು ನಮ್ಮ ಮನೆಯವರು ತಿರುವಿ ಮುರುವಿ ನೋಡಿದರು. ಎಲ್ಲೂ ಸುಟ್ಟಿರಲಿಲ್ಲ, ಬಿರಿದಿರಲಿಲ್ಲ. ಸೋಪು ಹಾಕಿ ತೊಳೆದರು, ಕುದಿಸಿದರು, ಮತ್ತೆ ಕುದಿಸಿದರು. ಲೋಬಾನದ ವಾಸನೆ ಹೋಗಲೇ ಇಲ್ಲ. ಇನ್ನು ಬಿಸಾಡುವುದೇ ಎಂದುಕೊಳ್ಳುವಾಗ ಕೂಸು ಹಾಲು ಕುಡಿದು ಮುಗಿಸಿ ಎಂದಿನ ರಾಗ ಶುರು ಮಾಡಿದ. ಸಿಟ್ಟಿನಲ್ಲೋ ಬೇಸರದಲ್ಲೋ ಅದನ್ನೇ ಅವನ ತುಟಿಗೆ ತಾಗಿಸಿದೆ. ಅಳು ನಿಂತಿತು. ಮೂಗರಳಿಸಿದ. ಬಿಲ್ಲೆಗೆ ಮೂಗು ಒತ್ತಿ, ಬಾಯಿ ತೆರೆದು ತಾನೇ ಎಳೆದುಕೊಂಡ. ಚಪ್ ಚಪ್ ಎಂದು ಚೀಪಲು ಹತ್ತಿದ! ಅತ್ತೆ ಬಂದು ನನ್ನ ಹೆಗಲಿಗೆ ಮೂಗಿಟ್ಟು ಮೂಸಿದರು, ಆಮೇಲೆ ಚುಸನಿಯನ್ನು ಮೂಸಿದರು. "ಎರಡೂ ಒಂದ ವಾಸನಿ" ಎಂದರು. ಇವರಿಗೆ ಮಾತ್ರ ನಿರಾಸೆ. "ಹಂಗಾರ ಸೈಜಿನ ಪ್ರಶ್ನೀನ ಅಲ್ಲೇನು ಇದು?" ಎಂದು ಕೇಳಿದರು. ಇಷ್ಟು ದಿನ ವಿರೋಧ ಮಾಡಿದ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ, "ನಿಮ್ಮ ನರ್ಸಮ್ಮ ಹೊಗಿ ಹಾಕಂತ ಹೇಳಿದ್ಳೇನು?" ಎಂದು ಇಡೀ ಓಣಿಗೆ ಕೇಳುವ ಹಾಗೆ ಕೇಳಿದರು. ನಾನು ಅವರ ಕೈ ಹಿಡಿದುಕೊಂಡೆ. ಕೂಗಾಡಿದ್ದು ಅಲ್ಲಿಗೆ ಮುಗಿಯಿತು.

ಇವತ್ತು ಬೆಳಿಗ್ಗೆ ಕಾಲೇಜಿನ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕೂತು ಅವನಿಗೆ ಹೊಟ್ಟೆ ತುಂಬ ಕುಡಿಸಿ ಒಳಗೆ ಹೋದೆ. ಪ್ರಶ್ನೆಪತ್ರಿಕೆ ಕೈಗೆ ಬಂತು, ಕಣ್ಣಿಗೆ ಅಕ್ಷರ ಕಾಣಲಿಲ್ಲ. ಕಿವಿಯೆಲ್ಲಾ ಹೊರಗೆ. ಯಾವುದೋ ಮೇಕೆಮರಿ ಕಾಂಪೌಂಡಿನಾಚೆ ಒದರಿತು ನೋಡು, ನನ್ನ ಎದೆಯಲ್ಲಿ ಹಾಲು ಉಕ್ಕಿ ಕುಪ್ಪಸ ಪೂರ್ತಿ ತೊಯ್ದುಹೋಯಿತು. ಸೆರಗು ಹೊದ್ದುಕೊಂಡು, ಕೂಸು ಅಳುತ್ತಿದ್ದರೆ ಅತ್ತೆ ಗೇಟು ಮುರಿದಾದರೂ ಒಳಗೆ ಬರುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡು ಬರೆಯಲು ಶುರು ಮಾಡಿದೆ. ಒಮ್ಮೆ ಹತ್ತಿದ ಮೇಲೆ ಕೈ ನಿಲ್ಲಲಿಲ್ಲ. ಚೆನ್ನಾಗಿಯೇ ಬರೆದಿದ್ದೇನೆ ಅಕ್ಕಾ, ಪಾಸಾಗುತ್ತೇನೆ. ಗಂಟೆ ಬಾರಿಸಿದ್ದೇ ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದೆ. ಅತ್ತೆ ಅದೇ ಮರದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. "ನಡುವ ಅತ್ತ, ಚಮಚದ್ಲೆ ಹಾಲು ಕುಡದ, ಇದನ್ನ ಚೀಪ್ಕೋಂತ ನಿದ್ದಿ ಮಾಡಿದ. ಈಗರ ಎದ್ದಾನ" ಎಂದು ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದರು. ಅವನು ಚುಸನಿ ಚೀಪುತ್ತಾ ಬೇವಿನ ಎಲೆ ನೋಡುತ್ತಿದ್ದ. ನಾನು ಬಂದದ್ದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ.

ಆಗ ಹೆದರಿದಷ್ಟು ನಾನು ಹೆರಿಗೆಯಲ್ಲೂ ಹೆದರಿರಲಿಲ್ಲ. ಮರೆಯಲ್ಲಿ ಕೂತು ಮೆಲ್ಲಗೆ ಚುಸನಿ ಎಳೆದೆ. ಬಿಡಲೊಲ್ಲ. ಇನ್ನೊಮ್ಮೆ ಎಳೆದೆ, ಟಪ್ ಎಂದು ಬಂತು. ನನ್ನನ್ನು ದುರುಗುಟ್ಟಿ ನೋಡಿದ. ಎದೆಗೆ ಹಚ್ಚಿಕೊಂಡರೆ ಮುಖ ಆ ಕಡೆ ತಿರುಗಿಸಿದ. ಅತ್ತೆ ಆಕಾಶ ನೋಡುತ್ತಿದ್ದರು. ಮರೆತೇಬಿಟ್ಟನೇ ಎಂದುಕೊಳ್ಳುವಷ್ಟರಲ್ಲಿ ಗಬಕ್ಕನೆ ತಿರುಗಿ ಹಿಡಿದ ನೋಡು, ಇಷ್ಟು ದಿನದ ಬಾಕಿ ವಸೂಲಿ ಮಾಡುವವನ ಹಾಗೆ! ನನಗೆ ಅಳುವೇ ಬಂತು. "ಯಾಕ ಅಳ್ತೀ ಬೇ, ಪೇಪರ್ ಹಾಳಾತೇನು?" ಎಂದು ಅತ್ತೆ ಗಾಬರಿಯಾದರು. "ಇಲ್ರೀ ಅತ್ತಿ, ಕುಡಿಯಾಕತ್ಯಾನ" ಎಂದೆ. ಅವರೂ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಈಗ ನಿಶ್ಚಿಂತೆ. ಮನೆಗೆ ಬಂದು ರೊಟ್ಟಿ ಉಂಡು ಮಲಗಿದವಳಿಗೆ ಭಾವ ಬಂದದ್ದೇ ಗೊತ್ತಾಗಲಿಲ್ಲ.

ನಿನಗೂ ಮಾನ್ವಿಯ ಗಂಡನ ಮನೆಗೆ ಹೋದ ಮೇಲೆ ಯಾವತ್ತಾದರೂ ಚುಸನಿ ಬೇಕಾದೀತು. ಇಡಿಯಾದದ್ದು, ಅಗಲ ಬಿಲ್ಲೆಯದು ನೋಡಿ ತರಿಸು, ಕುಡಿಸಿದ ಮೇಲೆಯೇ ಕೊಡು. ವಾಸನೆಗೆ ನಿನ್ನ ಕುಪ್ಪಸದಲ್ಲಿ ಸುತ್ತಿಟ್ಟರೆ ಸಾಕು, ಕೆಂಡದ ತನಕ ಹೋಗಬೇಡ. ಅಪ್ಪನಿಗೆ, ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ಅತ್ತೆ ನಿಮ್ಮೆಲ್ಲರನ್ನೂ ಕೇಳಿದ್ದಾರೆ. ನಿನ್ನ ಮಗಳ ಎರಡೂ ಕೆನ್ನೆಗೆ ಚಿಕ್ಕಮ್ಮನ ಮುತ್ತು. ನಮ್ಮೂರ ಅಲ್ಲಮಪ್ರಭು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಯಶೋಧಾ

ತಾ.ಕ.: ಭಾವ ಬೈಕ್ ಚಾಲೂ ಮಾಡಿದ್ದಾರೆ, ಬೇಗ ಬರೆಯುತ್ತೇನೆ. ಮುಂದಿನ ಸಲ ಅವರು ಈ ಕಡೆ ಬರುವಾಗ ಅವ್ವ ಉಟ್ಟು ಬಿಟ್ಟ ಸೀರೆ ಒಂದನ್ನು ಕೊಟ್ಟು ಕಳಿಸು. ಹಳೆಯದೇ ಇರಲಿ. ಅವ್ವ ಯಾಕೆಂದು ಕೇಳಿದರೆ ಕೂಸಿಗೆ ಜೋಳಿಗೆ ಕಟ್ಟಲು ಎಂದು ಹೇಳು. ಕೂಸಿಗೆ ಇಲ್ಲಿ ತೊಟ್ಟಿಲೇ ಇದೆ ಅಕ್ಕಾ, ಸೀರೆ ನನಗೆ. ಕೂಸಿಗೆಂದರೆ ಅವಳು ಸೋಪು ಹಾಕಿ ತಿಕ್ಕಲು ಕೂರುತ್ತಾಳೆ. ತೊಳೆಯಲು ಬಿಡಬೇಡ.